ಪುಸ್ತಕ ಮುಟ್ಟಿದ ಕೈ

ನಮ್ಮ ಕೇರಿಗಳಿಗೆ ಪುಸ್ತಕ ಅನ್ನೋದು ಬಹಳ ಕಾಲ ಊರೊಳಗಿನವರ ಸೊತ್ತಾಗಿತ್ತು. ಸಾಹುಕಾರನ ಲೆಕ್ಕದ ಪುಸ್ತಕದಲ್ಲಿ ನಮ್ಮ ಸಾಲವಿತ್ತು, ಹೆಬ್ಬೆಟ್ಟಿತ್ತು. ಅದನ್ನು ಓದುವ ಕಣ್ಣು ನಮಗಿರಲಿಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ, ಅರಗು ಹೊಯ್ಯಬೇಕೆಂದು ಗೌತಮ ಧರ್ಮಸೂತ್ರ ವಿಧಿಸಿತು. ಶೂದ್ರನ ಗತಿಯೇ ಹೀಗಾದರೆ ಅವನಿಗೂ ಆಚೆ ನಿಲ್ಲಿಸಿದ ನಮ್ಮ ಗತಿ ಏನು? ಧರ್ಮಗ್ರಂಥ ಅಂದರೆ ನಮ್ಮ ಹಿರಿಯರಿಗೆ ದೂರದಿಂದ ಕೈಮುಗಿಯುವ ವಸ್ತು, ಇಲ್ಲವೇ ಬೆನ್ನ ಮೇಲೆ ಬೀಳುವ ಬಾರುಕೋಲು.

ಇಂಥ ನಾಡಿಗೆ ಒಂದು ಧರ್ಮಗ್ರಂಥ ಹಿಡಿದುಕೊಂಡು ಬಂದು, ಇದನ್ನು ನೀನೇ ಮುಟ್ಟು, ನೀನೇ ಓದು ಅಂತ ನಮ್ಮವರಿಗೆ ಹೇಳಿದವರಿದ್ದರು. ಅದರಿಂದ ಏನು ಬದಲಾಯಿತು? ಏನು ಬದಲಾಗಲಿಲ್ಲ? ಈ ಚರಿತ್ರೆಯನ್ನು ಮಿಶನರಿಗಳು ತಮ್ಮ ವರದಿಗಳಲ್ಲಿ ಬರೆದುಕೊಂಡರು. ಅವರನ್ನು ಬೈಯುವವರು ಮತಾಂತರದ ಪಿತೂರಿ ಅಂತ ಬರೆದರು. ಇಬ್ಬರ ಲೆಕ್ಕದಲ್ಲೂ ನಮ್ಮವರು ಬರೀ ತಲೆಗಳು. ಆ ತಲೆಗಳೊಳಗೆ ಏನಿತ್ತು ಅಂತ ಕೇಳುವ ಕೆಲಸ ನಮಗೇ ಉಳಿದಿದೆ.

ಲಂಡನ್ ಮಿಶನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಸುಮಾರು ಇಪ್ಪತ್ತು ವರ್ಷಗಳ ದುಡಿಮೆಯ ಮೇಲೆ, 1831ರ ಹೊತ್ತಿಗೆ, ಇಡೀ ಬೈಬಲು ಕನ್ನಡಕ್ಕೆ ಬಂತು. 1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1843ರ ಜುಲೈ 1ರಂದು ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. 1894ರಲ್ಲಿ ಕಿಟೆಲ್ ನಿಘಂಟು ಬಂತು. ಇಷ್ಟನ್ನು ನಮ್ಮ ಪಂಡಿತರು ಹೇಳುತ್ತಾರೆ, ಕಿಟೆಲ್ ಹೆಸರು ಬಂದರೆ ಕೈಮುಗಿಯುತ್ತಾರೆ. ಆದರೆ ಈ ಅಚ್ಚುಮೊಳೆ, ಈ ನಿಘಂಟು, ಈ ಶಾಲೆಗಳ ಹಿಂದೆ ಇದ್ದ ಒಂದು ವಿಚಾರವನ್ನು ಅವರು ಹೇಳದೆ ಬಿಡುತ್ತಾರೆ. ಮನುಷ್ಯನಿಗೂ ದೇವರಿಗೂ ನಡುವೆ ಪುರೋಹಿತ ಬೇಡ, ಪ್ರತಿಯೊಬ್ಬನೂ ದೇವರ ಮಾತನ್ನು ತನ್ನ ತಾಯಿನುಡಿಯಲ್ಲಿ ತಾನೇ ಓದಬೇಕು ಅನ್ನೋದು ಪ್ರಾಟೆಸ್ಟೆಂಟರ ನಂಬಿಕೆ. ಆದ್ದರಿಂದ ದೇವಾಲಯದ ಜೊತೆಗೇ ಶಾಲೆ ಬೇಕಾಯಿತು. ಶಾಲೆಯ ಬಾಗಿಲು ತೆರೆದದ್ದು ಬರೀ ಕರುಣೆಯಿಂದಲ್ಲ, ಆ ನಂಬಿಕೆಗೆ ಓದುಗರು ಬೇಕಾಗಿದ್ದರು. ಆದರೆ ದೇವರಿಗಾಗಿ ಕಲಿಸಿದ ಅಕ್ಷರ ದೇವರ ಹತ್ತಿರವೇ ನಿಲ್ಲುತ್ತದೆಯೇ? ಸುವಾರ್ತೆ ಓದಬಲ್ಲವನು ಸಾಲದ ಪತ್ರವನ್ನೂ ಓದಬಲ್ಲ. ನಮ್ಮ ಮನೆಗಳಲ್ಲಿ ಮೊದಲು ಅಕ್ಷರ ಕಲಿತವರು ನಾವು. ಈ ಮಾತು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಓದಿದ್ದಕ್ಕೆ ಬೆಲೆ ತೆರಬೇಕಿತ್ತು. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ಕ್ರೈಸ್ತನಾದಾಗ ಊರೆಲ್ಲ ಕೋಲಾಹಲವಾಯಿತು. ಅವರು ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಬಂದರು. ಚರಿತ್ರೆಯಲ್ಲಿ ಹೆಸರು ಉಳಿಯಿತು. ಆದರೆ ತುಳುನಾಡಿನಲ್ಲಿ ಹೆಚ್ಚು ಸಂಖ್ಯೆಯಲ್ಲಿ ಸಭೆ ಸೇರಿದವರು ಬಿಲ್ಲವರು. ಅವರ ಕಸುಬು ಶೇಂದಿ ಇಳಿಸೋದು. ಕ್ರೈಸ್ತನಾದವನು ಶೇಂದಿ ಇಳಿಸಬಾರದು ಅಂತ ಮಿಶನ್ ಹೇಳಿತು. ಇನ್ನೊಂದು ಕಡೆ, ಮತ ಬಿಟ್ಟವನನ್ನು ಮನೆಯವರು ಹೊರಗೆ ಹಾಕಿದರು, ಜಮೀನುದಾರ ಗೇಣಿಯಿಂದ ಬಿಡಿಸಿದ. ನಂಬಿಕೆ ಬಂತು, ಅನ್ನ ಹೋಯಿತು. ಆಗ ಮಿಶನ್ನಿಗೆ ಅರ್ಥವಾಯಿತು, ಹಸಿದವನಿಗೆ ಬರೀ ಪ್ರಾರ್ಥನೆ ಸಾಲದು ಅಂತ. 1851ರಲ್ಲಿ ಹಾಲರ್ ನೇಯ್ಗೆ ಕಾರ್ಖಾನೆಯನ್ನು ಕಟ್ಟಿ ನಿಲ್ಲಿಸಿದರು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಇವತ್ತು ಮಂಗಳೂರು ಹೆಂಚು ಅಂತ ನಾವು ಕರೆಯೋದು ಆ ಮಣ್ಣಿನದು. ಆ ಹೆಂಚಿನ ಕೆಳಗೆ ಮಲಗಿದವರಿಗೆ ಅದನ್ನು ತುಳಿದು ಹದ ಮಾಡಿದ ಕಾಲುಗಳ ನೆನಪಿಲ್ಲ. ಭೂಮಾಲೀಕನ ಹಿಡಿತದಿಂದ ಬಿಡಿಸಿಕೊಂಡವನು ಕಾರ್ಖಾನೆಯ ಗಂಟೆಯ ಹಿಡಿತಕ್ಕೆ ಬಂದ ಅನ್ನೋದು ನಿಜ. ಸಭೆಯ ಯಜಮಾನನೇ ಕೂಲಿಯ ಯಜಮಾನ ಆದ ಅನ್ನೋದೂ ನಿಜ. ಆದರೂ ಹೇಳಲೇಬೇಕು: ಜಾತಿ ಹಿಡಿದ ಕಸುಬು ಬಿಟ್ಟು, ಎಣಿಸಿ ಕೊಟ್ಟ ಕೂಲಿ ಕೈಗೆ ಬಂದದ್ದು ಸಣ್ಣ ಮಾತಲ್ಲ.

ಕೊಡಗಿನ ಕಥೆ ಇನ್ನೂ ಕಹಿ. ಅಲ್ಲಿ ಹೊಲೆಯರು ಒಡೆಯರ ಮನೆಗಳಿಗೆ ಕಟ್ಟುಬಿದ್ದ ಜೀತದಾಳುಗಳು. ಗದ್ದೆಯ ಜೊತೆಗೆ ಕೈಬದಲಾಗುತ್ತಿದ್ದ ಜೀವಗಳು. 1843ರ ಐದನೇ ಕಾಯಿದೆ ಗುಲಾಮಗಿರಿಯನ್ನು ಕೋರ್ಟುಗಳು ಮಾನ್ಯ ಮಾಡಬಾರದು ಅಂದಿತು. ಸರಿ. ಆದರೆ ಬಿಡುಗಡೆಯಾದವನಿಗೆ ಒಂದು ತುಂಡು ಭೂಮಿ ಕೊಡಿ ಅಂತ ಅದು ಹೇಳಲಿಲ್ಲ. ಕಾಗದದಲ್ಲಿ ಬಿಡುಗಡೆ, ಗದ್ದೆಯಲ್ಲಿ ಅದೇ ಜೀತ. 1850ರ ದಶಕದಲ್ಲಿ ಮೋಗ್ಲಿಂಗ್ ಕೊಡಗಿಗೆ ಹೋದ ಮೇಲೆ ಅಮ್ಮತ್ತಿಯ ಬಳಿ ಆನಂದಪುರ ಎಂಬ ನೆಲೆ ಎದ್ದಿತು. ಕ್ರೈಸ್ತರಾದ ಹೊಲೆಯ ಕುಟುಂಬಗಳು ಅಲ್ಲಿ ನೆಲೆ ಕಂಡವು. ಆ ಪುಸ್ತಕದ ಎರಡನೆಯ ಭಾಗದಲ್ಲೇ ಒಂದು ಕಥೆ ಇದೆ. ಫರೋಹನ ದೇಶದಲ್ಲಿ ಇಟ್ಟಿಗೆ ಸುಡುವ ಗುಲಾಮರು ಗೋಳಿಡುತ್ತಾರೆ, ದೇವರು ಅರಸನ ಕಡೆ ನಿಲ್ಲದೆ ಗುಲಾಮರ ಕಡೆ ನಿಲ್ಲುತ್ತಾನೆ. ಜೀತದಿಂದ ಎದ್ದು ಬಂದವನಿಗೆ ಇದು ಯಾರ ಕಥೆ ಅಂತ ಪಾದ್ರಿ ವಿವರಿಸಬೇಕಿತ್ತೇ?

ಅದೇ ಪುಸ್ತಕದಲ್ಲಿ ಇನ್ನೊಂದು ಪುಟವೂ ಇದೆ. ಓಡಿಬಂದ ಒನೇಸಿಮ ಎಂಬ ಗುಲಾಮನನ್ನು ಪೌಲನು ಯಜಮಾನನ ಬಳಿಗೇ ವಾಪಸು ಕಳಿಸುತ್ತಾನೆ. ಗುಲಾಮನಂತಲ್ಲ, ತಮ್ಮನಂತೆ ಸೇರಿಸಿಕೋ ಅಂತ ಕಾಗದ ಬರೆದು ಕೊಡುತ್ತಾನೆ. ಯಜಮಾನರು ಈ ಕಾಗದದಲ್ಲಿ 'ವಾಪಸು' ಅನ್ನೋದನ್ನು ಓದಿದರು. ಗುಲಾಮರು 'ತಮ್ಮ' ಅನ್ನೋದನ್ನು ಓದಿದರು. ಪುಸ್ತಕ ಒಂದೇ, ಓದುವವನು ಎಲ್ಲಿ ಕೂತಿದ್ದಾನೆ ಅನ್ನೋದೇ ಪ್ರಶ್ನೆ.

ಎಲ್ಲಿ ಕೂತಿದ್ದಾನೆ ಅನ್ನೋದು ಬರೀ ಮಾತಿನ ಅಲಂಕಾರ ಅಲ್ಲ. ಸಭೆಯೊಳಗೆ ಚಾಪೆಗೂ ಜಾತಿ ಬಂತು. 1606ರಲ್ಲಿ ಮಧುರೆಗೆ ಬಂದ ಡಿ ನೊಬಿಲಿ ಬ್ರಾಹ್ಮಣ ಸನ್ಯಾಸಿಯ ವೇಷ ತೊಟ್ಟು, ಕೆಳಜಾತಿಯ ಕ್ರೈಸ್ತರಿಂದ ದೂರ ಇದ್ದರು. ಮುಂದೆ ಕೆಳಗಿನವರಿಗೆ ಬೇರೆ ಪಾದ್ರಿಗಳೇ ಬಂದರು. ತಮಿಳುನಾಡಿನ ಪ್ರಾಟೆಸ್ಟೆಂಟ್ ಸಭೆಗಳಲ್ಲೂ ವೆಳ್ಳಾಳರು ಬೇರೆ, ಪರಯರು ಬೇರೆ ಕೂತರು. 1833ರಲ್ಲಿ ಬಿಷಪ್ ವಿಲ್ಸನ್ ಜಾತಿಯನ್ನು ಪೂರ್ತಿ ಬಿಡಬೇಕು ಅಂತ ಆಜ್ಞೆ ಕಳಿಸಿದಾಗ ವೆಳ್ಳಾಳ ಕ್ರೈಸ್ತರು ಅನೇಕರು ಸಿಟ್ಟಿನಿಂದ ಎದ್ದು ಹೋದರು. ಕ್ರಿಸ್ತನನ್ನು ಬಿಟ್ಟಾರು, ಜಾತಿಯನ್ನು ಬಿಡಲಾರರು! 1850ರಲ್ಲಿ ಮದ್ರಾಸಿನ ಮಿಶನರಿ ಸಮ್ಮೇಳನ ಜಾತಿ ಬಿಟ್ಟದ್ದಕ್ಕೆ ಒಂದು ಪರೀಕ್ಷೆಯನ್ನೇ ಇಟ್ಟಿತು: ಕೆಳಜಾತಿಯವನು ಬೇಯಿಸಿದ್ದನ್ನು ಉಣ್ಣಬೇಕು. ದೇವರ ಮುಂದಿನ ರೊಟ್ಟಿಯನ್ನು ಒಟ್ಟಿಗೆ ಮುರಿಯುವುದು ಸುಲಭ, ಹೊಲೆಯರ ಮನೆಯ ಅನ್ನ ಉಣ್ಣುವುದು ಕಷ್ಟ ಅಂತ ಅವರಿಗೂ ಗೊತ್ತಿತ್ತು. ನಂಬಿಕೆ ನಿಜವೋ ಸುಳ್ಳೋ ಅನ್ನೋದು ಅಡಿಗೆಮನೆಯಲ್ಲಿ, ಮದುವೆ ಚಪ್ಪರದಲ್ಲಿ, ಸ್ಮಶಾನದಲ್ಲಿ ತಿಳಿಯುತ್ತದೆ.

ಮಿಶನರಿಗಳ ಇನ್ನೊಂದು ತಪ್ಪನ್ನೂ ಹೇಳಬೇಕು. ನಮ್ಮವರ ಭೂತಗಳನ್ನು, ಕುಣಿತವನ್ನು ಅವರು ಪಿಶಾಚಿಯ ಕೆಲಸ ಅಂದರು. ವಿಚಿತ್ರ ನೋಡಿ, ಅದೇ ಮಿಶನ್ ಮುದ್ರಣಾಲಯದಲ್ಲಿ 1886ರಲ್ಲಿ ಮ್ಯಾನರ್ ಸಂಗ್ರಹಿಸಿದ ಪಾಡ್ದನಗಳು ಅಚ್ಚಾದವು. ಹಾಡನ್ನು ಪುಸ್ತಕದಲ್ಲಿ ಉಳಿಸಿದರು, ಹಾಡುವವನ ಬಾಯಿ ಮುಚ್ಚಿಸಿದರು. ತಾಯಿನುಡಿಯಲ್ಲಿ ಓದು ಅಂದವರು ತಾಯಿ ಹಾಡಿದ್ದಕ್ಕೆ ನಾಚಿಕೆ ಪಡುವಂತೆ ಮಾಡಿದರು.

ಬಾಬಾಸಾಹೇಬರು ಇದನ್ನೆಲ್ಲ ಕಂಡಿದ್ದರು. ಅಸ್ಪೃಶ್ಯರ ಕ್ರೈಸ್ತೀಕರಣದ ಬಗ್ಗೆ ಅವರು ಬೇರೆಯಾಗಿಯೇ ಬರೆದರು. ಮತ ಬದಲಾದರೂ ಜಾತಿ ಹೋಗಲಿಲ್ಲ, ಸಾಮಾಜಿಕ ಅನ್ಯಾಯದ ವಿರುದ್ಧ ಈ ಕ್ರೈಸ್ತರು ದನಿ ಎತ್ತಲಿಲ್ಲ ಅನ್ನೋದು ಅವರ ನೋವು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬುದ್ಧನ ಕಡೆ ನಡೆದರು. ಅದಕ್ಕೆ ಮೊದಲೇ ಪ್ರಭುತ್ವ ತನ್ನ ಗೆರೆ ಎಳೆದಾಗಿತ್ತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು, ಮುಸ್ಲಿಮರನ್ನು ಹೊರಗೇ ಬಿಟ್ಟರು. ಸೂಸೈ ಎಂಬ ಚಮ್ಮಾರ, ಸರ್ಕಾರ ಚಮ್ಮಾರರಿಗೆ ಕೊಡುತ್ತಿದ್ದ ಪೆಟ್ಟಿಗೆ ಅಂಗಡಿ ತನಗೂ ಬೇಕು ಅಂತ ಸುಪ್ರೀಂ ಕೋರ್ಟಿನವರೆಗೆ ಹೋದ. ಕ್ರೈಸ್ತನಾದ ಮೇಲೂ ಅದೇ ತೀವ್ರತೆಯ ಅಸ್ಪೃಶ್ಯತೆ ಇದೆ ಅಂತ ಸಾಬೀತು ಮಾಡಲಿಲ್ಲ ಅಂತ 1985ರಲ್ಲಿ ಕೋರ್ಟು ಅವನ ಮನವಿ ತಳ್ಳಿತು. ಬೀದಿಯಲ್ಲಿ ಕೂತು ಚಪ್ಪಲಿ ಹೊಲೆಯುವವನ ಕೈಗಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕಿತ್ತು? 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಗೆರೆ ಅಳಿಸಿ ಅಂತ ಶಿಫಾರಸು ಮಾಡಿತು. 2022ರಲ್ಲಿ ಕೇಂದ್ರ ಸರ್ಕಾರ ಬಾಲಕೃಷ್ಣನ್ ಅವರ ಮುಂದಾಳತ್ವದಲ್ಲಿ ಮತ್ತೊಂದು ಆಯೋಗ ನೇಮಿಸಿತು. ಊರವರ ಕಣ್ಣಿಗೆ ಹೊಲೆಯ, ಸರ್ಕಾರದ ಕಣ್ಣಿಗೆ ಕ್ರೈಸ್ತ, ಸಭೆಯ ಹಿರಿಯರ ಕಣ್ಣಿಗೆ ಮತ್ತೆ ಹೊಲೆಯ! ಇದು ದಲಿತ ಕ್ರೈಸ್ತನ ದಿನನಿತ್ಯದ ತ್ರಿಶಂಕು ಬಾಳು.

ಆದರೆ ಪುಸ್ತಕ ಮುಟ್ಟಿದ ಕೈ ಸುಮ್ಮನಿರಲಿಲ್ಲ. ನಮ್ಮ ನಾಡಿನಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಕಾಲ ಅದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರ ಬೇಕು ಅಂತ ಭಾಷಣ ಮಾಡಿದರು. ಮುಂದೆ ಅದೇ ದಲಿತ ದೇವಶಾಸ್ತ್ರ ಅಂತ ಬೆಳೆಯಿತು. ಭಾರತದ ಕ್ರೈಸ್ತ ಚಿಂತನೆ ಅಂದರೆ ಅದುವರೆಗೆ ವೇದಾಂತದ ಜೊತೆ ಕ್ರಿಸ್ತನ ನೆಂಟಸ್ತನ ಹುಡುಕೋದೇ ಆಗಿತ್ತು. ಸಭೆಯಲ್ಲಿ ಕೂತವರು ಬಹುಪಾಲು ಕೇರಿಯವರು, ವೇದಿಕೆಯಲ್ಲಿ ಕೇಳೋದು ಉಪನಿಷತ್ತು! ನಿರ್ಮಲ್ ಇದನ್ನು ತಿರುಗಿಸಿದರು. ಅಲೆಮಾರಿಯ ಮಕ್ಕಳು ತಮ್ಮ ಗೋಳನ್ನು ನೆನೆದು ದೇವರ ಮುಂದೆ ನಿಲ್ಲುವ ಹಳೆಯ ಒಡಂಬಡಿಕೆಯ ಭಾಗವನ್ನು ದಲಿತರ ನಂಬಿಕೆಯ ಸಾಲಾಗಿ ಓದಿದರು. ಕಾಲು ತೊಳೆದ, ಊರಾಚೆ ಸತ್ತ ಯೇಸುವನ್ನು ದಲಿತ ಅಂದರು.

ನಮ್ಮಲ್ಲಿ ಕೆಲವರು ಸಭೆಗೆ ಹೋಗುತ್ತೇವೆ, ಕೆಲವರು ವಿಹಾರಕ್ಕೆ, ಕೆಲವರು ಎಲ್ಲಿಗೂ ಇಲ್ಲ. ಯಾವ ದೇವರು ನಿಜ ಅನ್ನೋ ಜಗಳ ಇಲ್ಲಿ ಬೇಡ. ಕೇರಿಯ ಮೇಷ್ಟರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಲ್ಲಿ ಕ್ರೈಸ್ತರಾದ ನಮ್ಮವರ ಮನೆಗಳಿದ್ದರೆ ಹೋಗಿ. ಅಜ್ಜಿಯರನ್ನು ಕೇಳಿ: ಮೊದಲು ಪುಸ್ತಕ ಹಿಡಿದವರು ಯಾರು, ಆಗ ಒಡೆಯ ಏನು ಮಾಡಿದ, ಸಭೆಯಲ್ಲಿ ಎಲ್ಲಿ ಕೂರಿಸಿದರು, ಎಲ್ಲಿ ಹೂಳಿದರು? ಬರೆದಿಡಿ. ಅವರ ಹೆಸರು ವರದಿಗಳಲ್ಲಿ ಇಲ್ಲ. ನಾವು ಬರೆಯದಿದ್ದರೆ ಇನ್ನು ಯಾರು ಬರೆಯುತ್ತಾರೆ?