ಜನನ ನೋಂದಣಿ ಪುಸ್ತಕದ ಆ ಒಂದು ಸಾಲು

ಪ್ಲೇಗ್ ಬಂದ ವರ್ಷ, ಕೆರೆ ಕೋಡಿ ಬಿದ್ದ ವರ್ಷ ಎಂದೇ ಹಿಂದಿನವರು ಮಕ್ಕಳ ವಯಸ್ಸನ್ನು ಲೆಕ್ಕ ಹಾಕುತ್ತಿದ್ದರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ತಾರೀಖೇ ಎಷ್ಟೋ ಜನರ ಜನ್ಮದಿನವಾಯಿತು.

ಬ್ರಿಟಿಷ್ ಆಡಳಿತ 1886ರಲ್ಲಿ ಜನನ, ಮರಣ ಮತ್ತು ವಿವಾಹ ನೋಂದಣಿ ಕಾಯ್ದೆ ತಂದರೂ ಅದರಡಿ ನೋಂದಣಿ ಐಚ್ಛಿಕವಾಗಿತ್ತು. ದೇಶಕ್ಕೆಲ್ಲ ಒಂದೇ ಕಟ್ಟಳೆ ವಿಧಿಸಿ ನೋಂದಣಿಯನ್ನು ಕಡ್ಡಾಯಗೊಳಿಸಿದ್ದು 1969ರ ಕಾಯ್ದೆ. ಮಗು ಹುಟ್ಟಿದ 21 ದಿನಗಳೊಳಗೆ ಮಾಹಿತಿ ಕೊಡಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು.

ಹಾಗಾಗಿ ಜನನ ಪ್ರಮಾಣಪತ್ರದ ದೃಢೀಕೃತ ನಕಲು ಎಂಬುದು ಹೊಸದಾಗಿ ಹುಟ್ಟಿಸುವ ಕಾಗದವಲ್ಲ, ನೋಂದಣಿ ಪುಸ್ತಕದ ಸಾಲೊಂದರ ಪ್ರತಿ. ಮಾಹಿತಿ ಕೊಟ್ಟವರಿಗೆ ಮೊದಲ ಪ್ರತಿ ಉಚಿತ. ಆಮೇಲೆ, ಕಾಯ್ದೆಯ 17ನೇ ಕಲಮಿನಂತೆ, ಯಾರೇ ಆದರೂ ಶುಲ್ಕ ಕಟ್ಟಿ ಪುಸ್ತಕ ಹುಡುಕಿಸಿ ಜನನದ ನಕಲು ಪಡೆಯಬಹುದು. ಆ ಸಾಲೇ ಇಲ್ಲದಿದ್ದರೆ ಕೈಗೆ ಬರುವುದು ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ಮಾತ್ರ.

2023ರ ತಿದ್ದುಪಡಿ ಈ ಸಾಲಿನ ತೂಕವನ್ನು ಹೆಚ್ಚಿಸಿದೆ. ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಆಧಾರ. ಮೇಷ್ಟ್ರ ಅಂದಾಜಿಗೆ ಇನ್ನು ಜಾಗವಿಲ್ಲ.