ಚುಂಡಿಲಿಯ ಪ್ಲಾಸ್ಮಾ ಕ್ರಿಯಾಟಿನಿನ್: ಮೂರು ಮಾಪನ ವಿಧಾನಗಳ ತೌಲನಿಕ ಪರಿಶೀಲನೆ

ಸಾರಾಂಶ: ಪ್ರಯೋಗಾಲಯದ ಚುಂಡಿಲಿಗಳಲ್ಲಿ ಯಾಫೆ ವಿಧಾನವು ಕ್ರಿಯಾಟಿನಿನ್ನನ್ನು ಹೆಚ್ಚಾಗಿ ತೋರಿಸುವುದಷ್ಟೇ ಅಲ್ಲ, ಮೂತ್ರಪಿಂಡದ ಹಾನಿಯನ್ನೂ ಮರೆಮಾಡುತ್ತದೆ ಎಂಬುದು ಈ ಲೇಖನದ ವಾದ.

1886ರಲ್ಲಿ ಮ್ಯಾಕ್ಸ್ ಯಾಫೆ ವರದಿ ಮಾಡಿದ ಕ್ರಿಯೆಯಲ್ಲಿ ಕ್ರಿಯಾಟಿನಿನ್ ಕ್ಷಾರೀಯ ಪಿಕ್ರೇಟಿನೊಡನೆ ಕೂಡಿ ಕೆಂಗಿತ್ತಳೆ ಬಣ್ಣ ತಳೆಯುತ್ತದೆ. ಪ್ರೋಟೀನ್, ಗ್ಲೂಕೋಸ್, ಅಸಿಟೋಅಸಿಟೇಟ್, ಆಸ್ಕಾರ್ಬಿಕ್ ಆಮ್ಲಗಳಿಂದಲೂ ಇಂಥದೇ ಬಣ್ಣ ಬರುತ್ತದೆ. ಮನುಷ್ಯನ ರಕ್ತದಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ ಸುಮಾರು 1 ಮಿ.ಗ್ರಾಂ ಇರುವುದರಿಂದ ಈ ಬೆರಕೆಯನ್ನು ಒಂದು ಮಟ್ಟಿಗೆ ಸಹಿಸಬಹುದು. ಆರೋಗ್ಯವಂತ ಚುಂಡಿಲಿಯಲ್ಲಿ ಅದು ಸುಮಾರು 0.1 ಮಿ.ಗ್ರಾಂ ಮಾತ್ರ, ಅಲ್ಲಿ ಬೆರಕೆಯೇ ಅಸಲನ್ನು ಮೀರಬಲ್ಲದು.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ಕಾಣಬಹುದು. ಅಸಲು 0.1, ಬೆರಕೆ 0.3 ಎಂದಿಟ್ಟುಕೊಂಡರೆ ಯಂತ್ರ ಓದುವುದು 0.4. ಮೂತ್ರಪಿಂಡದ ಶೋಧನೆ ಅರ್ಧಕ್ಕಿಳಿದು ಅಸಲು 0.2 ಆದಾಗ ಓದು 0.5 ಆಗುತ್ತದೆ. ನಿಜದಲ್ಲಿ ಶೇ. 100ರಷ್ಟಾದ ಏರಿಕೆ ವರದಿಯಲ್ಲಿ ಶೇ. 25 ಎಂದು ಮಾತ್ರ ಕಾಣುತ್ತದೆ. ಪ್ರತಿ ಗುಂಪಿನಲ್ಲಿ ಕೆಲವೇ ಪ್ರಾಣಿಗಳಿರುವ ಅಧ್ಯಯನದಲ್ಲಿ ಇಷ್ಟು ಅಂತರ ಸಂಖ್ಯಾಶಾಸ್ತ್ರೀಯ ಮಹತ್ವ ಪಡೆಯದೇ ಹೋಗಬಹುದು.

ಕಿಣ್ವ ವಿಧಾನದಲ್ಲಿ ಕ್ರಿಯಾಟಿನಿನೇಸ್, ಕ್ರಿಯಾಟಿನೇಸ್, ಸಾರ್ಕೊಸಿನ್ ಆಕ್ಸಿಡೇಸ್‌ಗಳು ಸರಣಿಯಾಗಿ ವರ್ತಿಸಿ ಹೈಡ್ರೋಜನ್ ಪೆರಾಕ್ಸೈಡ್ ಬಿಡುಗಡೆಯಾಗುತ್ತದೆ. ಪೆರಾಕ್ಸಿಡೇಸ್ ಅದನ್ನು ಬಣ್ಣವಾಗಿಸುತ್ತದೆ. ಮಾದರಿಯಲ್ಲಿ ಮೊದಲೇ ಇರುವ ಕ್ರಿಯಾಟಿನ್ನನ್ನು ಆರಂಭದಲ್ಲೇ ನಿವಾರಿಸಬೇಕು. ಬಿಲಿರುಬಿನ್ ಹೆಚ್ಚಿದ್ದರೆ ಕೊನೆಯ ಹಂತಕ್ಕೆ ಅಡ್ಡಿಯಾಗುತ್ತದೆ. ಹೀಗಿದ್ದರೂ ಯಾಫೆಗಿಂತ ಇದರ ನಿರ್ದಿಷ್ಟತೆ ಬಹಳ ಹೆಚ್ಚು. ದ್ರವ ಕ್ರೊಮಟೋಗ್ರಫಿ ಕ್ರಿಯಾಟಿನಿನ್ನನ್ನು ಇತರ ವಸ್ತುಗಳಿಂದ ಬೇರ್ಪಡಿಸಿಯೇ ಅಳೆಯುತ್ತದೆ. ಮಾಸ್ ಸ್ಪೆಕ್ಟ್ರೋಮೆಟ್ರಿ ಜೊತೆಗೂಡಿದರೆ ಕೆಲವು ಮೈಕ್ರೋಲೀಟರ್ ಪ್ಲಾಸ್ಮಾ ಸಾಕು. ದೇಹದಲ್ಲಿ ಒಟ್ಟು ರಕ್ತವೇ 2 ಮಿ.ಲೀ. ಆಸುಪಾಸಿರುವ ಪ್ರಾಣಿಯಿಂದ ಮತ್ತೆ ಮತ್ತೆ ಮಾದರಿ ತೆಗೆಯಬೇಕಾದಾಗ ಇದು ದೊಡ್ಡ ಅನುಕೂಲ. ಉಪಕರಣದ ವೆಚ್ಚವೂ ಪರಿಣತರ ಅಗತ್ಯವೂ ಇದರ ಮಿತಿಗಳು.

ಆದರೆ ಮಾಪನ ನಿಖರವಾದ ಮಾತ್ರಕ್ಕೆ ಸೂಚಕ ನಿರ್ದೋಷಿಯಾಗದು. ಚುಂಡಿಲಿಯ ಮೂತ್ರನಾಳಿಕೆಗಳು ಕ್ರಿಯಾಟಿನಿನ್ನನ್ನು ಗಣನೀಯವಾಗಿ ಸ್ರವಿಸುವುದರಿಂದ ಅದರ ಕ್ಲಿಯರೆನ್ಸ್ ನಿಜವಾದ ಶೋಧನಾ ದರಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಶೋಧನಾ ದರವೇ ಅಧ್ಯಯನದ ಮುಖ್ಯ ಪ್ರಶ್ನೆಯಾಗಿದ್ದರೆ ಇನುಲಿನ್ ಕ್ಲಿಯರೆನ್ಸ್ ಅಥವಾ ಚರ್ಮದ ಮೇಲಿಂದಲೇ ದಾಖಲಿಸುವ ಎಫ್‌ಐಟಿಸಿ-ಸಿನಿಸ್ಟ್ರಿನ್ ವಿಧಾನ ಸೂಕ್ತ.

ಆದ್ದರಿಂದ ನಿತ್ಯದ ತುಲನೆಗೆ ಕಿಣ್ವ ವಿಧಾನವನ್ನು ಕನಿಷ್ಠ ಮಟ್ಟವೆಂದೂ, ಅದನ್ನು ತಾಳೆ ನೋಡಲು ಕ್ರೊಮಟೋಗ್ರಫಿಯನ್ನು ಆಧಾರವೆಂದೂ ಸ್ವೀಕರಿಸುವುದು ಯುಕ್ತ. ಯಾಫೆ ವಿಧಾನದಿಂದ 'ವ್ಯತ್ಯಾಸವಿಲ್ಲ' ಎಂದು ದಾಖಲಾದ ಹಳೆಯ ಚುಂಡಿಲಿ ಪ್ರಯೋಗಗಳನ್ನು ಮೂತ್ರಪಿಂಡ ಸುರಕ್ಷಿತವೆಂಬುದಕ್ಕೆ ಸಾಕ್ಷ್ಯವಾಗಿ ಉಲ್ಲೇಖಿಸಲಾಗದು.