ವಾರದ ಪಟ್ಟಿಯಲ್ಲಿ ಫಸ್ಟ್ ಬಂದವರ ಟೀಮ್ ಕಾಪಿ ಮಾಡಿದರೆ ದುಡ್ಡು ಗ್ಯಾರಂಟಿಯೇ?

ವೈರಲ್ ಮಾತು: ಫ್ಯಾಂಟಸಿ ಕ್ರಿಕೆಟ್ ಪೂರ್ತಿ ಕೌಶಲದ ಆಟ. ವಾರದ ಟಾಪರ್‌ನ ಟೀಮ್ ಕಾಪಿ ಮಾಡಿದರೆ ಹಣ ಖಚಿತ.

ವಾಸ್ತವ: ಇದು ತಪ್ಪು.

ಡ್ರೀಮ್11ನಂಥ ಆಪ್‌ಗಳಲ್ಲಿ ಕ್ಯಾಪ್ಟನ್‌ಗೆ 2 ಪಟ್ಟು, ವೈಸ್ ಕ್ಯಾಪ್ಟನ್‌ಗೆ ಒಂದೂವರೆ ಪಟ್ಟು ಅಂಕ. ವಿಜಯನಗರದ ಇಬ್ಬರು ಗೆಳೆಯರು ಅವೇ 11 ಆಟಗಾರರನ್ನು ಆರಿಸಿದರು ಎನ್ನಿ. 90 ಅಂಕ ತಂದವನು ಕ್ಯಾಪ್ಟನ್, 20 ತಂದವನು ವೈಸ್ ಕ್ಯಾಪ್ಟನ್ ಆದರೆ ಇವರಿಬ್ಬರಿಂದ 210, ಅದಲುಬದಲಾದರೆ 175. ಟೀಮ್ ಒಂದೇ, ಅಂತರ 35! ಹಾಗಾಗಿ ಒಂದು ವಾರದ ಗೆಲುವಿನಲ್ಲಿ ಅದೃಷ್ಟದ ಪಾಲು ದೊಡ್ಡದು. ಜಾಣ್ಮೆ ಅಳೆಯಲು ಇಡೀ ಸೀಸನ್‌ನ ಒಟ್ಟು ಅಂಕ ನೋಡಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿಸಿಕೊಳ್ಳುವ ಆನ್‌ಲೈನ್ ಆಟ ನಡೆಸುವುದನ್ನು ನಿಷೇಧಿಸುತ್ತದೆ. ‘ಗ್ಯಾರಂಟಿ ಟೀಮ್’ ಮಾರುವ ಮೆಸೇಜ್‌ ಬಂದರೆ ದುಡ್ಡು ಕಳಿಸಬೇಡಿ, ಫಾರ್ವರ್ಡ್ ಮಾಡಬೇಡಿ.